ಹಿರಿಯರ ಮಾತು ರೆಕಾರ್ಡ್ ಮಾಡಿಡುವುದು ಹೇಗೆ? ಕೊಡಗಿನ ಹಳ್ಳಿಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಅಜ್ಜನ ದನಿ ನನ್ನ ಹತ್ತಿರ 41 ನಿಮಿಷ ಇದೆ. ಜೋರು ಮಳೆಯ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಒಂದು ಸಂಜೆ ಅಡುಗೆಮನೆ ಹಿಂದಿನ ಶೀಟಿನ ಮಾಡಿನ ಕೆಳಗೆ, ಒಲೆ ಪಕ್ಕ ಕೂತು ಅವರು ಮಾತಾಡಿದ್ದರು. ಉಳುವ ಎತ್ತುಗಳ ಬಗ್ಗೆ, ಸಂತೆಗೆ ನಡೆದು ಹೋಗುತ್ತಿದ್ದ ಕಾಲುದಾರಿಯ ಬಗ್ಗೆ, ಗದ್ದೆಗೆ ನೀರು ತಿರುಗಿಸುವಾಗ ಆಗುತ್ತಿದ್ದ ಜಗಳಗಳ ಬಗ್ಗೆ ಹೇಳಿದ್ದರು. ನನ್ನ ಮೊಬೈಲು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿತ್ತು. ಈಗ ಹಾಕಿ ಕೇಳಿದರೆ ಶೀಟಿನ ಮೇಲೆ ಬೀಳುವ ಮಳೆಯ ಸದ್ದು, ನಡುನಡುವೆ ನನ್ನ "ಹೂಂ, ಹೂಂ". ಅಜ್ಜ ಎಲ್ಲೋ ನೀರಿನ ಅಡಿಯಿಂದ ಮಾತಾಡಿದ ಹಾಗಿದೆ. ಮುಂದಿನ ಹುತ್ತರಿಗೆ, ನಮ್ಮ ಸುಗ್ಗಿಹಬ್ಬಕ್ಕೆ, ಅವರು ಇರಲಿಲ್ಲ.

ಆಮೇಲೆ ನಾನು ಊರಿನಲ್ಲಿ, ಅಕ್ಕಪಕ್ಕದ ಊರುಗಳಲ್ಲಿ ಒಬ್ಬೊಬ್ಬರ ಮನೆಗೇ ಹೋಗಿ ಹಿರಿಯರ ಮಾತು ರೆಕಾರ್ಡ್ ಮಾಡುತ್ತಾ ಬಂದೆ. ಆಗ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ನಿಮಗೆ ಬೇಕಾಗಿರುವುದು ಒಂದು ಮೊಬೈಲು, ಒಂದು ಸಣ್ಣ ಮೈಕು, ಒಂದು ನೋಟ್‌ಬುಕ್ಕು, ಮತ್ತೆ ಸಮಯ. ಸಮಯವೇ ಜಾಸ್ತಿ ಬೇಕು.

ಕೊಡಗಿನಲ್ಲಿ ಈ ಕೆಲಸ ಹೊಸದಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಊರವರ ಬಾಯಲ್ಲಿದ್ದ ಹಾಡು, ಗಾದೆ, ಪದ್ಧತಿಗಳನ್ನೆಲ್ಲ ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದರು. ಅವರು ಬರೆದಿಡದೇ ಹೋಗಿದ್ದರೆ ಎಷ್ಟೋ ಹಾಡುಗಳು ಇವತ್ತು ಇರುತ್ತಿರಲಿಲ್ಲ. ಆದರೆ ಅವರಿಗೆ ಹಾಡಿಕೊಟ್ಟವರ ದನಿ ನಮಗೆ ಸಿಗಲಿಲ್ಲ. ನಮ್ಮೆಲ್ಲರ ಜೇಬಿನಲ್ಲಿ ಈಗ ದನಿ ಹಿಡಿಯುವ ಯಂತ್ರ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಜರಿದಾಗ ಮನೆಗಳ ಜೊತೆ ಫೋಟೋ, ಕಾಗದಪತ್ರಗಳೂ ಮಣ್ಣುಪಾಲಾದವು. ಆ ಊರುಗಳು ಹೇಗಿದ್ದವು ಅನ್ನುವುದಕ್ಕೆ ಉಳಿದಿರುವುದು ಅಲ್ಲಿ ಬದುಕಿದವರ ನೆನಪು ಮಾತ್ರ.

ಯಾರ ಮನೆಗೆ ಹೋಗಬೇಕು?

ಮೊದಲು ಒಂದು ಪಟ್ಟಿ ಮಾಡಿ. ಇದನ್ನು ಮಾಡುವಾಗ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಮನೆತನದ ಹಿರಿಯರಾದ ಪಟ್ಟೇದಾರರು, ದೇವಸ್ಥಾನದ ಮುಖ್ಯಸ್ಥರಾದ ತಕ್ಕರು, ನಿವೃತ್ತ ಮೇಷ್ಟ್ರು, ಮಿಲಿಟರಿಯಿಂದ ಬಂದವರು, ಇಷ್ಟೇ ಹೆಸರು ಬರೆಯುತ್ತಾರೆ. ಇವರೆಲ್ಲ ಇರಲಿ, ಬೇಕು. ಆದರೆ ಇವರು ಈಗಾಗಲೇ ಸಭೆಗಳಲ್ಲಿ, ಸ್ಮರಣಸಂಚಿಕೆಗಳಲ್ಲಿ ಮಾತಾಡಿರುತ್ತಾರೆ. ಯಾರೂ ಒಮ್ಮೆಯೂ ಕೂರಿಸಿ ಕೇಳದವರು ಬೇರೆ ಇದ್ದಾರೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಅಜ್ಜಿ. ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದ ಸೂಲಗಿತ್ತಿ. 40 ವರ್ಷ ಲೈನ್‌ಮನೆಯಲ್ಲೇ (ಕೆಲಸದವರ ಸಾಲುಮನೆ) ಇದ್ದು ತೋಟದ ಕೆಲಸ ಮಾಡಿದವರು. ಗದ್ದೆ ಉತ್ತ ಎರವರು, ಬುಟ್ಟಿ ಹೆಣೆದ ಮೇದರು, ಜೇನು ಕುರುಬರ ಹಿರಿಯರು, ನೇಗಿಲು ಮತ್ತು ಕತ್ತಿ ಮಾಡಿಕೊಟ್ಟ ಐರಿಗಳು, ಕಿತ್ತಳೆ ತುಂಬಿಕೊಂಡು ಹೋಗುತ್ತಿದ್ದ ಲಾರಿ ಡ್ರೈವರು. ಭೂಮಿ ಯಾರ ಹೆಸರಿನಲ್ಲಿತ್ತು ಅನ್ನುವುದು ದಾಖಲೆಯಲ್ಲಿ ಸಿಗುತ್ತದೆ. ಆ ಭೂಮಿಯಲ್ಲಿ ಕೆಲಸ ಹೇಗೆ ನಡೆಯಿತು ಅನ್ನುವುದು ಇವರ ಹತ್ತಿರ ಮಾತ್ರ ಸಿಗುತ್ತದೆ.

ಪಟ್ಟಿಯಲ್ಲಿ ತುಂಬ ವಯಸ್ಸಾದವರನ್ನು, ಆರೋಗ್ಯ ಸರಿಯಿಲ್ಲದವರನ್ನು ಮೇಲೆ ಬರೆಯಿರಿ. ಕಿವಿ ಕೇಳಿಸದವರನ್ನು ಬಿಟ್ಟುಬಿಡಬೇಡಿ. ಅವರಿಗೆ ಪ್ರಶ್ನೆ ಕೇಳಿಸುವುದು ಕಷ್ಟವೇ ಹೊರತು ನೆನಪಿಗೆ ಏನೂ ಆಗಿರುವುದಿಲ್ಲ. ದಪ್ಪ ಅಕ್ಷರದಲ್ಲಿ ಬರೆದು ತೋರಿಸಬಹುದು. ಓದು ಬಾರದಿದ್ದರೆ ಅವರ ಮೊಮ್ಮಗಳು ಕಿವಿ ಹತ್ತಿರ ಹೇಳಲಿ.

ಮೊದಲ ಸಲ ಖಾಲಿ ಕೈಯಲ್ಲಿ ಹೋಗಿ

ಮೊದಲ ಭೇಟಿಗೆ ಮೈಕು, ರೆಕಾರ್ಡರ್ ಏನೂ ಬೇಡ. ಕಾಫಿ ಕುಡಿಯಿರಿ, ಮನೆಯವರ ಪರಿಚಯ ಮಾಡಿಕೊಳ್ಳಿ, ನೀವು ಯಾರ ಮಗ, ಯಾರ ಮಗಳು ಅನ್ನುವುದನ್ನು ಹೇಳಿ. ಕೊಡಗಿನಲ್ಲಿ ಆ ಒಂದು ಮಾತು ಆಗದೆ ಮುಂದಿನ ಮಾತು ಹೊರಡುವುದಿಲ್ಲ, ಅಲ್ವಾ? ಯಾಕೆ ಬಂದಿದ್ದೀರಿ, ರೆಕಾರ್ಡ್ ಮಾಡಿ ಏನು ಮಾಡುತ್ತೀರಿ, ಯಾರು ಕೇಳುತ್ತಾರೆ ಅನ್ನುವುದನ್ನು ನೇರವಾಗಿ ಹೇಳಿ. "ನನ್ನ ಹತ್ತಿರ ಏನಿದೆ ಹೇಳೋಕೆ, ನಾನು ಓದಿದವಳಲ್ಲ" ಅಂತ ಹತ್ತರಲ್ಲಿ ಎಂಟು ಅಜ್ಜಿಯರು ಹೇಳುತ್ತಾರೆ. "ಓದಿದ್ದನ್ನು ಕೇಳೋಕೆ ಬಂದಿಲ್ಲ ಅಜ್ಜಿ, ಮಾಡಿದ್ದನ್ನು ಕೇಳೋಕೆ ಬಂದಿದ್ದೀನಿ" ಅನ್ನಿ. ಆ ದಿನವೇ ಅವರ ಮಾತು ಯಾವ ಕಡೆ ಹರಿಯುತ್ತದೆ ಅಂತ ಗೊತ್ತಾಗುತ್ತದೆ. ಮನೆಗೆ ಬಂದು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಪ್ರಶ್ನೆಗಳು ಹುಟ್ಟುವುದು ಅಲ್ಲಿಂದ.

ದಿನಗೂಲಿ ಮೇಲೆ ಬದುಕುವವರ ಕೆಲಸದ ದಿನ ತೆಗೆದುಕೊಳ್ಳಬೇಡಿ. ಭಾನುವಾರ ಹೋಗಿ. ಅದೂ ಆಗದಿದ್ದರೆ ಆ ದಿನದ ಕೂಲಿ ಕೊಟ್ಟು ಕೂರಿಸಿ. ಅವರ ಸಮಯಕ್ಕೂ ಬೆಲೆ ಇದೆ.

ಯಾವ ಭಾಷೆ?

ಅವರು ಒಲೆ ಮುಂದೆ ಆಡುವ ಭಾಷೆ. ಕೊಡವ ತಕ್ಕ್, ಅರೆಭಾಷೆ, ಎರವ ಮಾತು, ಕುರುಬರ ಮಾತು, ತುಳು, ಬ್ಯಾರಿ, ಮಲಯಾಳ, ಶನಿವಾರಸಂತೆ ಕಡೆಯ ಕನ್ನಡ, ಹೀಗೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಬಗೆಯ ಮಾತಿದೆ! ನಿಮಗೆ ಅನುಕೂಲ ಅಂತ ಅವರನ್ನು ಶಾಲೆಯ ಕನ್ನಡಕ್ಕೆ ಎಳೆದರೆ ಅರ್ಧ ನೆನಪು ಅಲ್ಲೇ ಉದುರಿಹೋಗುತ್ತದೆ. ಗದ್ದೆಯ ಬದುವಿಗೆ, ಮಳೆಯ ಒಂದೊಂದು ಬಗೆಗೆ, ಬುಟ್ಟಿಯ ಒಂದೊಂದು ಅಳತೆಗೆ ಇರುವ ಹೆಸರು ಅವರ ಭಾಷೆಯಲ್ಲೇ ಬರುತ್ತದೆ. ನಿಮಗೆ ಆ ಭಾಷೆ ಬಾರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮನೆಯವರೇ ಆಗಬೇಕು ಅಂತಿಲ್ಲ. ಕೆಲವೊಮ್ಮೆ ಮನೆಯವರು ಆಗದಿದ್ದರೇ ಒಳ್ಳೆಯದು.

ಮೊಬೈಲು, ಮೈಕು, ಸೆಟ್ಟಿಂಗು

ದೊಡ್ಡ ಸಾಮಾನು ಬೇಡ. ಮೊಬೈಲಿಗೆ ಸಿಕ್ಕಿಸುವ ವೈರಿನ ಕಾಲರ್ ಮೈಕು ಸಾಕು. ನೆನಪಿಡಬೇಕಾದದ್ದು ಒಂದೇ: ಮೈಕು ಮಾತಾಡುವವರ ಹತ್ತಿರ ಇರಬೇಕು, ನಿಮ್ಮ ಹತ್ತಿರ ಅಲ್ಲ. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಕರಿಮಣಿ, ಚೈನು ತಾಗುವ ಜಾಗ ಬೇಡ. ಪ್ರತಿ ಸಲ ಉಸಿರೆಳೆದಾಗಲೂ ಟಿಕ್ ಟಿಕ್ ಅಂತ ಬರುತ್ತದೆ.

ಮೊಬೈಲಿನಲ್ಲಿ ಮೊದಲೇ ಇರುವ ರೆಕಾರ್ಡರ್ ಬಹಳ ಸಲ ಸದ್ದನ್ನು ಕುಗ್ಗಿಸಿ ಉಳಿಸುತ್ತದೆ. ಡಬ್ಲ್ಯೂಎವಿ, ಅಂದರೆ ವೇವ್ ಫೈಲ್ ಆಗಿ ಉಳಿಸುವ ಆ್ಯಪ್ ಹಾಕಿಕೊಳ್ಳಿ. ಸೆಟ್ಟಿಂಗಿನಲ್ಲಿ 48 ಕಿಲೋಹರ್ಟ್ಜ್, 24 ಬಿಟ್ ಇಡಿ. ಧ್ವನಿ ಸಂಗ್ರಹಾಲಯಗಳು ಕನಿಷ್ಠ ಇಷ್ಟಾದರೂ ಇರಲಿ ಅನ್ನುತ್ತವೆ. ಮೊಬೈಲಿನಲ್ಲಿ ಆ ಅವಕಾಶ ಇಲ್ಲದಿದ್ದರೆ 44.1 ಕಿಲೋಹರ್ಟ್ಜ್, 16 ಬಿಟ್ ಆದರೂ ಆಗುತ್ತದೆ. 48/24ರಲ್ಲಿ ಮೋನೋ ಆದರೆ ಗಂಟೆಗೆ ಸುಮಾರು ಅರ್ಧ ಜಿಬಿ, ಸ್ಟೀರಿಯೋ ಆದರೆ ಸುಮಾರು ಒಂದು ಜಿಬಿ ಜಾಗ ಬೇಕು. ಹೊರಡುವ ಮೊದಲು ಮೊಬೈಲಿನಲ್ಲಿ ಜಾಗ ನೋಡಿಕೊಳ್ಳಿ. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜಿನಲ್ಲಿ ರೆಕಾರ್ಡ್ ಮಾಡುವುದು ಬೇಡವೇ ಬೇಡ.

ಏರೋಪ್ಲೇನ್ ಮೋಡ್ ಹಾಕಿ. ಇಲ್ಲದಿದ್ದರೆ ಅಜ್ಜಿ ಮಾತಿನ ಹರಿವಿಗೆ ಬಂದ ಹೊತ್ತಿಗೇ ಫೋನ್ ಬರುತ್ತದೆ. ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕರೆಂಟು ಮೂರು ದಿನ ಇಲ್ಲದಿರುವುದು ನಮಗೇನೂ ಹೊಸದಲ್ಲ. ಶುರುವಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನಿನಲ್ಲಿ ಕೇಳಿ, ಆಮೇಲೆ ಮುಂದುವರಿಸಿ. ಆ ಒಂದು ನಿಮಿಷ ನಾನು ಕೇಳಿದ್ದಿದ್ದರೆ ಅಜ್ಜನ ದನಿ ಇವತ್ತು ಸ್ಪಷ್ಟವಾಗಿರುತ್ತಿತ್ತು.

ವಿಡಿಯೋ ಬೇಕಾ? ಕೆಲಸ ತೋರಿಸುವಾಗ ಬೇಕು. ಮಾತಿಗೆ ಬೇಡ ಅಂತ ನನ್ನ ಅಭಿಪ್ರಾಯ. ಕ್ಯಾಮೆರಾ ಇಟ್ಟ ಕೂಡಲೇ ಹಿರಿಯರು ಒಳಗೆ ಹೋಗಿ ಸೀರೆ ಬದಲಿಸಿ ಬರುತ್ತಾರೆ. ಅದರ ಜೊತೆ ಮಾತೂ ಬದಲಾಗಿರುತ್ತದೆ.

ಜಾಗ, ಹೊತ್ತು, ತಿಂಗಳು

ಕೊಡಗಿನಲ್ಲಿ ರೆಕಾರ್ಡಿಂಗಿಗೆ ಒಂದು ಒಳ್ಳೆಯ ಕಾಲ ಇದೆ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ಮೇಲೆ, ಹುತ್ತರಿಗೆ ಮುಂಚೆ. ಮಳೆ ಹಿಂದೆ ಸರಿದಿರುತ್ತದೆ, ಕಾಫಿ ಕುಯ್ಲಿನ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಡಿಸೆಂಬರಿನಿಂದ ಮಾರ್ಚಿನವರೆಗೆ ಕುಯ್ಲು, ಕಣ, ಮೆಣಸು ಅಂತ ಯಾರಿಗೂ ಕೂರಲು ಪುರಸೊತ್ತು ಇರುವುದಿಲ್ಲ. ಏಪ್ರಿಲ್, ಮೇ ಕೂಡ ಆಗುತ್ತದೆ. ಕಕ್ಕಡದಲ್ಲಿ ಹಿರಿಯರು ಒಲೆ ಬಿಟ್ಟು ಏಳುವುದಿಲ್ಲ, ಮಾತಿಗೆ ಮನಸ್ಸೂ ಇರುತ್ತದೆ. ಆದರೆ ಮಳೆಯ ಸದ್ದು ಬಿಡುವುದಿಲ್ಲ. ಹಾಗಾಗಿ ನಾನು ಖಾಲಿ ಕೈಯ ಮೊದಲ ಭೇಟಿಗಳನ್ನು ಕಕ್ಕಡದಲ್ಲಿ ಮುಗಿಸಿ, ರೆಕಾರ್ಡಿಂಗನ್ನು ಆ ಸಂಕ್ರಮಣದಿಂದ ಶುರುವಾಗುವ ತುಲಾ ಮಾಸಕ್ಕೆ ಇಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಶೀಟಿನ ಮಾಡು ಬಿಟ್ಟು, ಹೆಂಚಿನ ಮನೆಯಲ್ಲಿ ಅಟ್ಟ ಇರುವ ಕೋಣೆ ಆರಿಸಿಕೊಳ್ಳಿ. ಅಟ್ಟದ ಹಲಗೆ ಸದ್ದನ್ನು ಬಹಳ ಮಟ್ಟಿಗೆ ತಡೆಯುತ್ತದೆ.

ಹೊತ್ತು ಅಂದರೆ ಬೆಳಿಗ್ಗೆ ತಿಂಡಿಯಾದ ಮೇಲೆ. ಸಂಜೆಯಾದರೆ ಜೀರುಂಡೆ ಕೂಗು, ಟಿವಿ. ಐನ್‌ಮನೆಯ ಐಮರದ (ಮನೆತನದ ಮೂಲಮನೆಯ ಜಗಲಿಯಲ್ಲಿರುವ ಅಗಲ ಹಲಗೆ) ಮೇಲೆ ಕೂರಿಸಿ ಮಾತಾಡಿಸಬೇಕು ಅಂತ ಎಲ್ಲರಿಗೂ ಆಸೆ. ಫೋಟೋಗೆ ಅದು ಚೆಂದ. ರೆಕಾರ್ಡಿಂಗಿಗೆ ಅಲ್ಲಿ ಗಾಳಿ, ನಾಯಿ, ಜೀಪು, ಪಕ್ಕದ ತೋಟದ ಕಳೆ ಕೊಚ್ಚುವ ಮೆಷಿನ್ನು. ಒಳಗಿನ ಮಲಗುವ ಕೋಣೆಯೇ ವಾಸಿ. ಹಾಸಿಗೆ, ಕಂಬಳಿ, ಬಟ್ಟೆ ಎಲ್ಲ ಇರುವುದರಿಂದ ದನಿ ಗುಂಯ್‌ಗುಡುವುದಿಲ್ಲ. ಫ್ರಿಜ್ಜು ಆರಿಸಿ, ಹೊರಡುವಾಗ ಮರೆಯದೆ ಹಾಕಿ. ನಿಮ್ಮ ಗಾಡಿ ಕೀಲಿಯನ್ನು ಫ್ರಿಜ್ಜಿನ ಮೇಲೆ ಇಟ್ಟರೆ ಮರೆಯುವುದಿಲ್ಲ.

ಒಂದು ಸಲಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಅವರು ಇನ್ನೂ ಹೇಳುತ್ತೇನೆ ಅಂದರೂ ನಿಲ್ಲಿಸಿ, ಮತ್ತೊಂದು ದಿನ ಬನ್ನಿ. ಎರಡನೇ ಭೇಟಿಗೆ ಅವರೇ ರಾತ್ರಿಯೆಲ್ಲ ನೆನೆಸಿಕೊಂಡು ಕಾದಿರುತ್ತಾರೆ.

ಒಪ್ಪಿಗೆ

ಇದನ್ನು ಸುಮ್ನೆ ಒಂದು ಸಹಿ ಅಂತ ತಿಳಿಯಬೇಡಿ. ರೆಕಾರ್ಡರ್ ಆನ್ ಮಾಡಿದ ಕೂಡಲೇ ನಾನು ಹೇಳುವುದು ಇಷ್ಟು: "ಇವತ್ತು ಇಂಥ ತಾರೀಕು. ಇಂಥ ಊರಿನಲ್ಲಿ, ಇವರ ಮನೆಯಲ್ಲಿ ಇದ್ದೇವೆ. ಮಾತಾಡುವವರು ಇವರು, ಕೇಳುವವನು ನಾನು. ಅಜ್ಜಿ, ನಿಮ್ಮ ಮಾತನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಒಂದು ಪ್ರತಿ ನಿಮ್ಮ ಮನೆಗೆ ಕೊಡುತ್ತೇನೆ. ಯಾವ ಪ್ರಶ್ನೆಗೂ ಉತ್ತರ ಕೊಡಲೇಬೇಕು ಅಂತಿಲ್ಲ. ಯಾವ ಮಾತು ಬೇಡ ಅಂದರೂ ತೆಗೆಯುತ್ತೇನೆ, ನಾಳೆ ಹೇಳಿದರೂ ಸರಿ, ಮುಂದಿನ ವರ್ಷ ಹೇಳಿದರೂ ಸರಿ. ಬೇರೆಯವರು ಕೇಳಬಹುದಾ? ಹೆಸರು ಹಾಕಬಹುದಾ?" ಅವರ ಉತ್ತರ ಅವರದೇ ದನಿಯಲ್ಲಿ ಉಳಿಯುತ್ತದೆ. ಓದು ಬಾರದವರ ಹೆಬ್ಬೆಟ್ಟಿಗಿಂತ ಇದು ಮೇಲು. ಇದೇ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ಸಹಿಯನ್ನೂ ಪಡೆಯಿರಿ. ಹಾಳೆಯಲ್ಲಿ ಮೂರು ಬೇರೆ ಬೇರೆ ಸಾಲು ಇರಲಿ: ಮನೆಯವರು ಮಾತ್ರ ಕೇಳಬಹುದು, ಊರವರು ಮತ್ತು ಅಧ್ಯಯನ ಮಾಡುವವರು ಕೇಳಬಹುದು, ಯಾರು ಬೇಕಾದರೂ ಇಂಟರ್‌ನೆಟ್ಟಿನಲ್ಲಿ ಕೇಳಬಹುದು. ಯಾವುದಕ್ಕೆ ಗುರುತು ಹಾಕಬೇಕು ಅನ್ನುವುದು ಅವರಿಗೇ ಬಿಟ್ಟದ್ದು.

ಪ್ರಶ್ನೆ ಕೇಳುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. "ಆಗಿನ ಕಾಲ ಹೇಗಿತ್ತು?" ಅಂತ ಮಾತ್ರ ಕೇಳಬೇಡಿ. "ಚೆನ್ನಾಗಿತ್ತು, ಈಗಿನ ಹಾಗಲ್ಲ" ಅನ್ನುತ್ತಾರೆ, ಮಾತು ಮುಗಿಯುತ್ತದೆ. ಕಾಲದ ಬಗ್ಗೆ ಕೇಳಬೇಡಿ, ಕೆಲಸದ ಬಗ್ಗೆ ಕೇಳಿ. ಒಂದು ದಿನ, ಒಂದು ಜಾಗ, ಒಂದು ಸಾಮಾನು ಹಿಡಿದು ಕೇಳಿ.

ನಾಟಿಯನ್ನೇ ತೆಗೆದುಕೊಳ್ಳಿ. ನಾಟಿ ದಿನ ಬೆಳಿಗ್ಗೆ ಮೊದಲು ಯಾರು ಏಳುತ್ತಿದ್ದರು? ಒಲೆ ಮೇಲೆ ಏನಿರುತ್ತಿತ್ತು? ಗದ್ದೆಗೆ ಎಷ್ಟು ಜನ ಇಳಿಯುತ್ತಿದ್ದರು, ಯಾವ ಯಾವ ಮನೆಯವರು? ಮುಯ್ಯಾಳಾ, ಕೂಲಿಯಾ? ಕೂಲಿ ದುಡ್ಡಿನಲ್ಲಾ, ಭತ್ತದಲ್ಲಾ? ಮಳೆಗೆ ತಲೆ ಮೇಲೆ ಏನು ಹಾಕಿಕೊಳ್ಳುತ್ತಿದ್ದಿರಿ? ಗೊರಬು ಅಂದರೆ ಯಾವ ಎಲೆಯದ್ದು, ಯಾರು ಹೆಣೆಯುತ್ತಿದ್ದರು, ಎಷ್ಟು ವರ್ಷ ಬರುತ್ತಿತ್ತು? (ಅದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಹೆಸರು. ಆ ಹೆಸರೇ ನಿಮಗೆ ಬೇಕಾದದ್ದು.) ಹಾಡುತ್ತಿದ್ದರಾ? ಮೊದಲು ಎತ್ತಿಕೊಳ್ಳುತ್ತಿದ್ದವರು ಯಾರು? ಕೊನೆಯ ದೊಡ್ಡ ಗದ್ದೆಯಲ್ಲಿ ನಾಟಿ ಓಟಕ್ಕೆ ಎಷ್ಟು ಅಗಲ ಬಿಡುತ್ತಿದ್ದರು? ಗೆದ್ದವರಿಗೆ ಏನು ಸಿಗುತ್ತಿತ್ತು? ಸೋತು ಕೆಸರಿಗೆ ಬಿದ್ದದ್ದು ಯಾರು ಅಂತ ನೆನಪಿದೆಯಾ? ಇಷ್ಟಾಗುವ ಹೊತ್ತಿಗೆ ಅವರು ಮನೆಯೊಳಗೆ ಇರುವುದಿಲ್ಲ, ಗದ್ದೆಯಲ್ಲಿರುತ್ತಾರೆ.

ಪಕ್ಕದ ಮನೆಯ ಅಜ್ಜಿಯೊಬ್ಬರು ಶನಿವಾರಸಂತೆ ಕಡೆಯಿಂದ ಮದುವೆಯಾಗಿ ಬಂದವರು. ಅಗೆ (ಭತ್ತದ ಸಸಿ) ಕಿತ್ತು ಕಟ್ಟು ಕಟ್ಟುವುದು ಹೇಗೆ ಅಂತ ಕೇಳಿದೆ. ಅಂಗಳದ ಹುಲ್ಲು ಒಂದು ಹಿಡಿ ಕಿತ್ತು ತಂದರು. "ಹಿಂಗೆ ಹಿಡ್ಕೊಳ್ಳೋದು, ಹಿಂಗೆ ಮಾಡೋದು, ಆಮೇಲೆ ಹಿಂಗೆ." ಆಗ ನನಗೆ ಹೊಳೆಯಿತು, ರೆಕಾರ್ಡಿಂಗಿನಲ್ಲಿ ಇರುವುದು ಬರೀ ಮೂರು "ಹಿಂಗೆ". ಆಮೇಲೆ ನಾನೇ ಬಾಯಿಬಿಟ್ಟು ಹೇಳುತ್ತಾ ಹೋದೆ. "ಅಜ್ಜಿ, ಬೇರಿನ ಕಡೆಯನ್ನ ಕಾಲಿಗೆ ಬಡೀತಿದ್ದೀರಾ?" "ಹೂಂ ಮತ್ತೆ, ಮಣ್ಣು ಉದುರ್ಬೇಕಲ್ಲ. ಮಣ್ಣಿದ್ರೆ ಹೊರೋರಿಗೆ ಭಾರ." "ಕಟ್ಟೋದಕ್ಕೆ ಹುಲ್ಲನ್ನ ಎರಡು ಸುತ್ತು ಸುತ್ತಿ ಒಳಗೆ ತುರುಕಿದ್ರಿ. ಗಂಟು ಹಾಕೋದಿಲ್ವಾ?" "ಗಂಟು ಹಾಕಿದ್ರೆ ನೆಡೋಳು ಒಂದು ಕೈಲಿ ಬಿಚ್ಚೋದು ಹೆಂಗೆ? ಎಳೆದ್ರೆ ಬಿಚ್ಕೋಬೇಕು." ಕಟ್ಟುವವಳು ನೆಡುವವಳ ಕೈಯನ್ನು ನೆನಪಿಟ್ಟುಕೊಂಡು ಕಟ್ಟುತ್ತಿದ್ದಳು ಅನ್ನುವುದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಅವರು ಕೈಯಲ್ಲಿ ಏನು ತೋರಿಸಿದರೂ, "ಇಷ್ಟುದ್ದ", "ಅಷ್ಟು ದೂರ" ಏನು ಅಂದರೂ, ನೀವು ಅದನ್ನು ಮಾತಿನಲ್ಲಿ ಹೇಳಿ ಹೌದಾ ಅಂತ ಕೇಳಿ. ಒಂದು ಗೇಣಾ? ಇಲ್ಲಿಂದ ಕೊಟ್ಟಿಗೆಯಷ್ಟು ದೂರವಾ?

ಹಳೆಯ ಸಾಮಾನು, ಫೋಟೋ ಮುಂದಿಟ್ಟರೆ ಮಾತು ತಾನಾಗಿ ಬರುತ್ತದೆ. ಫೋಟೋದಲ್ಲಿ ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಹೇಳಿಸಿ. ಆಮೇಲೆ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ, ಪೆನ್ನು ಬೇಡ. ಕಾಲು ಗಟ್ಟಿ ಇರುವವರ ಜೊತೆ ಗದ್ದೆಗೆ, ಕಣಕ್ಕೆ, ಊರವರು ಸೇರುವ ಬಯಲಾದ ಮಂದ್‌ಗೆ, ದೇವರಕಾಡಿನ ಅಂಚಿಗೆ ನಡೆದು ಹೋಗಿ. ಮೈಕಿಗೆ ಗಾಳಿ ತಡೆಯುವ ಸ್ಪಂಜು ಹಾಕಿಕೊಳ್ಳಿ.

ವರ್ಷ ಕೇಳಬೇಡಿ, ಗುರುತು ಕೇಳಿ. "ಅದು ಯಾವ ಇಸವಿ?" ಅಂದರೆ ಅವರು ತಡಬಡಾಯಿಸುತ್ತಾರೆ, ತಪ್ಪು ಹೇಳಿದೆನಾ ಅಂತ ಸಂಕೋಚಪಡುತ್ತಾರೆ. ಕೊಡಗು ಮೈಸೂರಿಗೆ ಸೇರಿದ್ದಕ್ಕೆ ಮುಂಚೆಯಾ ಆಮೇಲಾ ಅಂತ ಕೇಳಿ, ಅದು 1956. ಜನರಲ್ ತಿಮ್ಮಯ್ಯನವರು ತೀರಿಕೊಂಡದ್ದು 1965ರಲ್ಲಿ, ಎಮರ್ಜೆನ್ಸಿ ಬಂದದ್ದು 1975ರಲ್ಲಿ, ಇಂದಿರಾ ಗಾಂಧಿ ಹತ್ಯೆ 1984ರಲ್ಲಿ, ಕಾರ್ಯಪ್ಪನವರು ತೀರಿಕೊಂಡದ್ದು 1993ರಲ್ಲಿ, ಕರಡದಲ್ಲಿ ಮೊದಲ ಕೊಡವ ಹಾಕಿ ಹಬ್ಬ ಆದದ್ದು 1997ರಲ್ಲಿ. ತೋಟದವರಿಗಾದರೆ ಕಾಫಿ ಬೋರ್ಡಿನ ಪೂಲ್ (ಎಲ್ಲರ ಕಾಫಿಯನ್ನೂ ಬೋರ್ಡೇ ಒಟ್ಟುಮಾಡಿ ಮಾರುತ್ತಿದ್ದ ಪದ್ಧತಿ) ಇದ್ದಾಗಲಾ, ಹೋದ ಮೇಲಾ ಅನ್ನಿ. ಜೇನು ಸಾಕಿದವರಿಗೆ 90ರ ದಶಕದ ಶುರುವಿನಲ್ಲಿ ರೋಗ ಬಂದು ಪೆಟ್ಟಿಗೆಗಳು ಖಾಲಿಯಾದದ್ದು ಮರೆಯುವುದಿಲ್ಲ. ಇನ್ನೂ ಸುಲಭ ಅಂದರೆ "ನಿಮ್ಮ ದೊಡ್ಡ ಮಗ ಆಗ ಹುಟ್ಟಿದ್ನಾ?"

ತಪ್ಪು ಹೇಳಿದರೆ ಅಲ್ಲೇ ತಿದ್ದಬೇಡಿ. ಇಸವಿ ತಪ್ಪಿರಬಹುದು, ಅವರು ಅದನ್ನು ನೆನಪಿಟ್ಟುಕೊಂಡ ರೀತಿ ತಪ್ಪಲ್ಲ. ಸರಿಯಾದದ್ದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. "ಹೂಂ" ಅನ್ನುವುದನ್ನೂ ಕಡಿಮೆ ಮಾಡಿ, ತಲೆಯಾಡಿಸಿದರೆ ಸಾಕು.

ಮೌನ ಬಂದಾಗ

ಬಹಳ ಜನ ಇಲ್ಲಿ ಸೋಲುತ್ತಾರೆ. ಅವರು ಸುಮ್ಮನಾದ ಕೂಡಲೇ ಮುಂದಿನ ಪ್ರಶ್ನೆ ಹಾಕಿಬಿಡುತ್ತಾರೆ. ಕಾಯಬೇಕು. ಲೈನ್‌ಮನೆಯಲ್ಲಿ ಒಬ್ಬ ಅಮ್ಮನನ್ನು ಬೆಳಗಿನ ಹಾಜರಿ ಬಗ್ಗೆ, ಲೆಕ್ಕ ಬರೆಯುವ ರೈಟರ್ ಬಗ್ಗೆ, ಮೇಸ್ತ್ರಿ ಬಗ್ಗೆ ಕೇಳುತ್ತಿದ್ದೆ. ಚೆನ್ನಾಗಿ ನಗುತ್ತಾ ಹೇಳುತ್ತಿದ್ದರು. "ಮಕ್ಕಳು ಚಿಕ್ಕವರಿದ್ದಾಗ ಕೆಲಸಕ್ಕೆ ಹೇಗೆ ಹೋಗ್ತಿದ್ರಿ?" ಅಂದೆ. ಮಾತು ನಿಂತಿತು. ರೆಕಾರ್ಡಿಂಗಿನಲ್ಲಿ ಆ ಜಾಗದಲ್ಲಿ 50 ಸೆಕೆಂಡು ಗೋಡೆ ಗಡಿಯಾರ ಮಾತ್ರ ಕೇಳುತ್ತದೆ. ಆಮೇಲೆ ಅವರು, "ದೊಡ್ಡವಳು ಹುಟ್ಟೋ ಹಿಂದಿನ ದಿನಾನೂ ಗೊಬ್ಬರದ ಬುಟ್ಟಿ ಹೊತ್ತಿದ್ದೆ" ಅಂದರು. ಅಲ್ಲಿಂದ ಮುಂದೆ 20 ನಿಮಿಷ ಅವರು ಹೇಳಿದ್ದು ಬೇರೆ ಯಾರಿಗೂ ಹೇಳಿರಲಿಲ್ಲವಂತೆ. ಮುಗಿದ ಮೇಲೆ, "ನನ್ನ ಹೆಸರು ಹಾಕು, ತೋಟದ ಹೆಸರು ಹಾಕಬೇಡ" ಅಂದರು. ಹಾಕಿಲ್ಲ.

ಇಂಥ ಮಾತು ಬರಬೇಕಾದರೆ ಕೋಣೆಯಲ್ಲಿ ಯಾರಿದ್ದಾರೆ ಅನ್ನುವುದು ಮುಖ್ಯ. ತೋಟದ ಯಜಮಾನರ ಮುಂದೆ ಕೆಲಸದವರನ್ನು ಮಾತಾಡಿಸಬೇಡಿ. ಗಂಡ ಪಕ್ಕದಲ್ಲಿದ್ದರೆ ಅಜ್ಜಿ ಅಡುಗೆ ಬಗ್ಗೆ ಮಾತ್ರ ಹೇಳುತ್ತಾರೆ, ಉಳಿದದ್ದನ್ನು ಅಜ್ಜನೇ ಹೇಳುತ್ತಾರೆ. ಅವರಿಗೆ ಬೇರೆ ದಿನ ಕೊಡಿ.

2018ರಲ್ಲಿ ಮನೆ ಕಳೆದುಕೊಂಡವರ ಹತ್ತಿರ ಹೋದಾಗ ಆ ದಿನದ ಬಗ್ಗೆ ಮೊದಲು ಎತ್ತಬೇಡಿ. ಒಂದು ದೊಡ್ಡ ಹಾಳೆ, ಪೆನ್ಸಿಲು ಕೊಟ್ಟು ನಿಮ್ಮ ಊರು ಬಿಡಿಸಿ ತೋರಿಸಿ ಅನ್ನಿ. ಮನೆ ಎಲ್ಲಿ, ಗದ್ದೆ ಎಲ್ಲಿ, ಪೂರ್ವಜರ ಗುಡಿ ಕೈಮಡ ಎಲ್ಲಿ, ನೀರು ತರುತ್ತಿದ್ದ ದಾರಿ ಯಾವುದು. ಬಿಡಿಸುತ್ತಾ ಹೇಳುವುದನ್ನೇ ರೆಕಾರ್ಡ್ ಮಾಡಿ. ಆ ಹಾಳೆಯ ಫೋಟೋವನ್ನೂ ತೆಗೆದಿಟ್ಟುಕೊಳ್ಳಿ. ಗುಡ್ಡ ಜರಿದ ದಿನದ ಬಗ್ಗೆ ಹೇಳಬೇಕು ಅನಿಸಿದರೆ ಅವರೇ ಹೇಳುತ್ತಾರೆ. ಅತ್ತರೆ ರೆಕಾರ್ಡರ್ ನಿಲ್ಲಿಸಿ, ನೀರು ಕೊಡಿ, ಮುಂದುವರಿಸಬೇಕಾ ಅಂತ ಅವರನ್ನೇ ಕೇಳಿ.

ಇನ್ನು ಎಚ್ಚರ ಇರಬೇಕಾದ ಕೆಲವು ಮಾತುಗಳಿವೆ. ಬೇಟೆಯ ಕಥೆ ಬಾರದ ಮನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲಿನ ಬೇಟೆಯ ಮಾತಲ್ಲಿ ಬದುಕಿರುವವರ ಹೆಸರು ಬಂದರೆ ಅದನ್ನು ಹೊರಗೆ ಬಿಡಬೇಡಿ. ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಗದ್ದೆ), ಬಾಣೆ (ಅದಕ್ಕೆ ಸೇರಿದ ಎತ್ತರದ ನೆಲ) ಜಾಗದ ವ್ಯಾಜ್ಯ ಕೋರ್ಟಿನಲ್ಲಿದ್ದರೆ ಆ ಭಾಗವನ್ನೂ ಮುಚ್ಚಿಡಿ. ಜಾತಿಯ ಅವಮಾನ ಅನುಭವಿಸಿದವರು ಹೇಳಿದ್ದನ್ನು ಅವರು ಹೇಳಿದ ಮಾತಿನಲ್ಲೇ ಉಳಿಸಿ, ನೀವು ಮೆದುಗೊಳಿಸಬೇಡಿ. ಹೊರಗೆ ಬಿಡುವುದು ಅವರ ಇಷ್ಟ. ದುಡಿ (ಸಣ್ಣ ಚರ್ಮವಾದ್ಯ) ಹಾಡು, ತೆರೆಯ (ದೈವದ ಕೋಲ) ಹಾಡು ರೆಕಾರ್ಡ್ ಮಾಡುವ ಮೊದಲು, ಇದನ್ನು ಕಟ್ಟುಪಾಡಿನ ಹೊರಗೆ ಹಾಡಬಹುದಾ ಅಂತ ಕೇಳಿಕೊಳ್ಳಿ. ದುಡಿ ಇದ್ದರೆ ಮೈಕಿನ ಮಟ್ಟ ಇಳಿಸಿ.

ಅದೇ ರಾತ್ರಿ ಮಾಡಬೇಕಾದ ಕೆಲಸ

ಮನೆಗೆ ಬಂದು ಮಲಗುವ ಮುಂಚೆ ಮೂರು ಕೆಲಸ. ಫೈಲನ್ನು ಕಂಪ್ಯೂಟರಿಗೆ, ಒಂದು ಹಾರ್ಡ್ ಡಿಸ್ಕಿಗೆ ಹಾಕಿ. ಹೆಸರು ಬದಲಿಸಿ, 2025-11-09_ಊರು_ಮನೆಹೆಸರು_01 ಅನ್ನುವ ಹಾಗೆ, ಮೊದಲು ವರ್ಷ, ತಿಂಗಳು, ದಿನ. ಹೀಗೆ ಇಟ್ಟರೆ ಫೈಲುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಮೂರನೆಯದು, ನೋಟ್‌ಬುಕ್ಕಿನಲ್ಲಿ ಒಂದು ಪುಟ: ಯಾರು, ವಯಸ್ಸು, ಯಾವ ಭಾಷೆ, ಕೋಣೆಯಲ್ಲಿ ಯಾರಿದ್ದರು, ಏನು ಮಾತಾಡಿದರು, ರೆಕಾರ್ಡರ್ ಆರಿಸಿದ ಮೇಲೆ ಏನು ಹೇಳಿದರು. ಆರಿಸಿದ ಮೇಲೆ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಬಳಸಬೇಡಿ, ಆದರೆ ಮುಂದಿನ ಸಲ ಕೇಳಬೇಕಾದ ಪ್ರಶ್ನೆ ಅದರಲ್ಲೇ ಇರುತ್ತದೆ.

ಒಟ್ಟು ಮೂರು ಪ್ರತಿ ಇರಬೇಕು, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ನನ್ನ ಒಂದು ಹಾರ್ಡ್ ಡಿಸ್ಕು ಮೈಸೂರಿನ ತಂಗಿ ಮನೆಯಲ್ಲಿದೆ. ನಮ್ಮ ತೇವಕ್ಕೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಸೆಪ್ಟೆಂಬರ್ 3ರ ಸುಮಾರಿಗೆ ಕೈಲುಮುಹೂರ್ತಕ್ಕೆ ಕೋವಿ, ಕತ್ತಿ ಎಲ್ಲ ಒರೆಸಿ ಇಡುತ್ತೇವಲ್ಲ, ನಾನು ಅವತ್ತೇ ಹಾರ್ಡ್ ಡಿಸ್ಕನ್ನೂ ತೆಗೆದು ಫೈಲುಗಳನ್ನು ತೆರೆದು ನೋಡುತ್ತೇನೆ. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕು.

ಮೂಲ ಫೈಲನ್ನು ಯಾವತ್ತೂ ಕತ್ತರಿಸಬೇಡಿ. ಏನು ಮಾಡುವುದಿದ್ದರೂ ಪ್ರತಿಯ ಮೇಲೆ ಮಾಡಿ.

ಬರೆದಿಡುವುದು

ಒಂದು ಗಂಟೆಯ ಮಾತನ್ನು ಪೂರ್ತಿ ಬರೆಯಲು ಆರೇಳು ಗಂಟೆ ಬೇಕೇ ಬೇಕು. ಹಾಗಾಗಿ ಎಲ್ಲರೂ ಹತ್ತು ರೆಕಾರ್ಡಿಂಗ್ ಮಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಪೂರ್ತಿ ಬರೆಯುವ ಬದಲು ಮೊದಲು ಒಂದು ಸೂಚಿ ಮಾಡಿ. 00:00 ಪರಿಚಯ, 04:30 ತವರು, 11:15 ನಾಟಿ, 26:40 ಗೊರಬು ಹೆಣೆಯುವುದು, ಹೀಗೆ. ಇದಕ್ಕೆ ಒಂದು ಗಂಟೆಯ ಮಾತಿಗೆ ಎರಡು ಗಂಟೆ ಸಾಕು. ಸೂಚಿ ಇಲ್ಲದ ರೆಕಾರ್ಡಿಂಗನ್ನು ಯಾರೂ ತೆರೆದು ಕೇಳುವುದಿಲ್ಲ, ನೀವೂ ಕೇಳುವುದಿಲ್ಲ. ಮುಖ್ಯ ಅನಿಸಿದ ಭಾಗಗಳನ್ನು ಆಮೇಲೆ ನಿಧಾನವಾಗಿ ಪೂರ್ತಿ ಬರೆಯಿರಿ.

ಬರೆಯುವಾಗ ಮಾತನ್ನು ಶುದ್ಧ ಮಾಡಬೇಡಿ. ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಕನ್ನಡದಲ್ಲಿಲ್ಲದ ಕೆಲವು ಸ್ವರಗಳು ಬರುತ್ತವೆ. ಅವಕ್ಕೆ ಒಂದು ಗುರುತು ಇಟ್ಟುಕೊಂಡು, ಮೊದಲ ಪುಟದಲ್ಲಿ ಅದನ್ನು ಹೇಳಿ, ಕೊನೆವರೆಗೂ ಅದನ್ನೇ ಬಳಸಿ. ಮಾತನ್ನು ತಾನೇ ಬರೆದುಕೊಡುವ ಆ್ಯಪ್‌ಗಳು ಪಟ್ಟಣದ ಕನ್ನಡಕ್ಕೆ ಸ್ವಲ್ಪ ನೆರವಾಗುತ್ತವೆ. ನಮ್ಮ ಮನೆಯ ಅರೆಭಾಷೆಯನ್ನು ಅವು ತಮಗೆ ಗೊತ್ತಿರುವ ಕನ್ನಡಕ್ಕೆ ತಿರುಗಿಸಿಬಿಡುತ್ತವೆ. ಅರ್ಥವಾಗದ ಪದಗಳಿಗೆ ಬೇರೆ ಪಟ್ಟಿ ಮಾಡಿ, ಅವರನ್ನೇ ಮತ್ತೆ ಕೇಳಿ.

ವಾಪಸ್ ಕೊಡುವುದು

ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಇದೆ. ಸಂಗ್ರಹ ಸ್ವಲ್ಪ ದೊಡ್ಡದಾದ ಮೇಲೆ ಹೋಗಿ ವಿಚಾರಿಸಿ. ಎಲ್ಲರೂ ಕೇಳಬಹುದು ಅಂತ ಒಪ್ಪಿಗೆ ಇರುವುದನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ದುಡ್ಡಿಲ್ಲದೆ ಹಾಕಬಹುದು. ಆದರೆ ಮೊದಲ ಪ್ರತಿ ಹೋಗಬೇಕಾದದ್ದು ಮಾತಾಡಿದವರ ಮನೆಗೆ. ಪೆನ್‌ಡ್ರೈವಿನಲ್ಲಿ ಕೊಡಿ, ಮನೆಯ ಒಬ್ಬರ ಮೊಬೈಲಿಗೂ ಹಾಕಿ. ಕೊಟ್ಟು ಎದ್ದು ಬರಬೇಡಿ. ಒಂದು ಬ್ಲೂಟೂತ್ ಸ್ಪೀಕರ್ ಒಯ್ದು ಅಲ್ಲೇ ಹತ್ತು ನಿಮಿಷ ಹಾಕಿ ಕೇಳಿಸಿ.

ಅಗೆ ಕಟ್ಟು ತೋರಿಸಿದ ಅಜ್ಜಿಗೂ ಹೀಗೆ ಕೇಳಿಸಿದೆ. ಸೊಸೆ, ಮೊಮ್ಮಕ್ಕಳು ಎಲ್ಲ ಸುತ್ತ ಕೂತಿದ್ದರು. ಅಜ್ಜಿ ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದವರು ಒಂದು ಕಡೆ ಕೈಯೆತ್ತಿ ನಿಲ್ಲಿಸು ಅಂದರು. "ಅಲ್ಲಿ ತಪ್ಪು ಹೇಳಿದೀನಿ. ಕಟ್ಟು ಹೊರುತ್ತಿದ್ದದ್ದು ನಾನಲ್ಲ, ನನ್ನ ನಾದಿನಿ. ಅವಳ ಬಗ್ಗೆ ಏನೂ ಹೇಳಲೇ ಇಲ್ಲ ನೋಡು." ಆಮೇಲೆ ನಾದಿನಿಯ ಬಗ್ಗೆ ಶುರು ಮಾಡಿದರು. ಆವತ್ತು ನನ್ನ ಮೊಬೈಲಿನಲ್ಲಿ ಚಾರ್ಜು 12 ಪರ್ಸೆಂಟ್ ಇತ್ತು, ಮೈಕು ಮನೆಯಲ್ಲಿತ್ತು. ಪ್ರತಿ ಕೊಡಲು ಹೋಗುವಾಗಲೂ ಎರಡನ್ನೂ ಸರಿಯಾಗಿ ತೆಗೆದುಕೊಂಡೇ ಹೋಗಿ.